ಸಹಾಯ ಬೇಕು: ಕನಾಲ್ ದು ಮಿದಿ ದಂಡೆಯಲ್ಲಿ ಸೈಕಲ್ ಪ್ರಯಾಣ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನೂ ತಂಗಿಯೂ ಫ್ರಾನ್ಸಿನ ತುಲೂಸ್‌ನಿಂದ ಕನಾಲ್ ದು ಮಿದಿ ಎಂಬ ಕಾಲುವೆಯ ದಂಡೆ ಹಿಡಿದು ಸಮುದ್ರದಂಚಿನ ಸೆತ್‌ವರೆಗೆ ಗ್ರಾವೆಲ್ ಬೈಕಿನಲ್ಲಿ (ಮಣ್ಣು-ಜಲ್ಲಿ ದಾರಿಗೂ ಆಗುವ ಸೈಕಲ್) ಹೋಗಬೇಕೆಂದಿದ್ದೇವೆ. 1681ರಲ್ಲಿ ತೆರೆದ, ಸುಮಾರು 240 ಕಿ.ಮೀ. ಉದ್ದದ ಈ ಕಾಲುವೆ ನೋಡುವ ಆಸೆ ಬಹಳ ವರ್ಷದ್ದು.

ತುಲೂಸ್‌ನಿಂದ ಮೊದಲ 50 ಕಿ.ಮೀ. ಡಾಂಬರು ದಾರಿ ಅಂತ ಗೊತ್ತು. ಚಿಂತೆ ಇರುವುದು ಆಮೇಲಿನ ಮಣ್ಣುದಾರಿಯದ್ದೇ. ಕಾರ್ಕಸೋನ್ ಊರು ದಾಟಿದ ಮೇಲೆ ಮರದ ಬೇರುಗಳು ಎದ್ದಿರುತ್ತವಂತೆ. 40 ಮಿ.ಮೀ. ಅಗಲದ ಟೈರ್ ಸಾಕಾಗುತ್ತಾ? ಮಳೆ ಬಿದ್ದರೆ ಚಕ್ರ ಹೂತುಕೊಳ್ಳುವಷ್ಟು ಕೆಸರಾಗುತ್ತಾ?

ಇನ್ನೊಂದು ವಿಷಯ. ರೋಗ ತಗುಲಿದ್ದಕ್ಕೆ ದಂಡೆಯ ಪ್ಲೇನ್ ಎಂಬ ಜಾತಿಯ ಸಾವಿರಾರು ನೆರಳಿನ ಮರಗಳನ್ನು ಕಡಿದಿದ್ದಾರೆ, ಓದಿ ಸಂಕಟವಾಯಿತು. ನೆರಳೇ ಇಲ್ಲದ ದಾರಿ ಎಲ್ಲೆಲ್ಲಿ ಬರುತ್ತದೆ ತಿಳಿಸಿ, ತಂಗಿಗೆ ಬಿಸಿಲು ಆಗಿಬರುವುದಿಲ್ಲ. ಬೆಜಿಯೇ ಎಂಬ ಊರಿನ ಹತ್ತಿರ ಒಂದು ರಾತ್ರಿ ತಂಗುತ್ತೇವೆ, ಅಲ್ಲಿ ಸಸ್ಯಾಹಾರ ಸಿಗುತ್ತಾ? ಹೋಗಿ ಬಂದವರು ದಯವಿಟ್ಟು ಬರೆಯಿರಿ.