ಸಹಾಯ ಬೇಕು: ಉದ್ದದ ಇಂಗ್ಲಿಷ್ ಪದದಲ್ಲಿ ಒತ್ತು ಎಲ್ಲಿ?

ಒಂಬತ್ತನೇ ಕ್ಲಾಸಿನ ಮಗಳಿಗೆ ಉದ್ದುದ್ದ ಇಂಗ್ಲಿಷ್ ಪದಗಳನ್ನು ಬಿಡಿಸಿ ಓದಲು ಹೇಳಿಕೊಡುತ್ತಿದ್ದೇನೆ. ಬಿಡಿಸುವುದೇನೋ ಬಂತು, ಒತ್ತಿನ ಹತ್ತಿರ, ಅಂದರೆ ಪದದ ಯಾವ ತುಂಡನ್ನು (ಸಿಲಬಲ್) ಜೋರಾಗಿ ಹೇಳಬೇಕು ಅನ್ನುವಲ್ಲಿ, ಸಿಕ್ಕಿಬಿದ್ದೆ.

ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ತುಂಡಿಗೆ, ಫೋಟೋಗ್ರಫಿಯಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ನಮ್ಮ ಕನ್ನಡದ ನಾಲಿಗೆ ಎಲ್ಲವನ್ನೂ ಒಂದೇ ಸಮ ಹೇಳಿಬಿಡುತ್ತದೆ, ಅಲ್ವಾ?

‘ಇಕ್’ ಅಂತ ಮುಗಿದರೆ ಅದರ ಹಿಂದಿನ ತುಂಡಿಗೆ ಒತ್ತು ಅನ್ನುವ ಸೂತ್ರ ಸಿಕ್ಕಿತು. ಎಕನಾಮಿಕ್, ಫೆಂಟಾಸ್ಟಿಕ್ ಸರಿಹೋದವು. ಆದರೆ ಡಿಕ್ಷನರಿಯಲ್ಲಿ ಅರೇಬಿಕ್, ಪಾಲಿಟಿಕ್ಸ್ ಎರಡಕ್ಕೂ ಒತ್ತು ಮೊದಲ ತುಂಡಿನಲ್ಲೇ ಇದೆ. ಲೆಕ್ಕದ ಅರಿಥ್ಮೆಟಿಕ್‌ಗೆ ಎರಡನೆಯದರಲ್ಲಿ! ಮಗಳು ನನ್ನ ಮುಖ ನೋಡಿ ನಗುತ್ತಾಳೆ.

ಇಂಥವನ್ನು ಸುಮ್ನೆ ಬಾಯಿಪಾಠ ಮಾಡಿಸಬೇಕಾ, ಇಲ್ಲ ಇವಕ್ಕೂ ಬೇರೆ ಸೂತ್ರ ಇದೆಯಾ? ಇಂಗ್ಲಿಷ್ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.