‘ಸರಣಿ ಜೋಡಣೆ’ ಅಂದರೆ ತಪ್ಪು ವೈರಿಂಗ್ ಆಗುತ್ತದೆ: ಬೇರೆ ಪದ ಬೇಕು

ಒಂದು ಕಂಪ್ಯೂಟರಿಗೆ ಎಂಟು ವಿದ್ಯುತ್ ಮೀಟರು ಜೋಡಿಸುವ ಕ್ರಮವನ್ನು ಒಂದು ಹಾಳೆಯಷ್ಟು ಕನ್ನಡದಲ್ಲಿ ಬರೆಯಬೇಕಾಗಿದೆ. ಓದುವವರು ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ಪ್ಯಾನೆಲ್ ವೈರಿಂಗ್ ಮಾಡುವವರು. ಮೀಟರಿನಲ್ಲಿರುವುದು ಆರ್‌ಎಸ್-485 ಸೀರಿಯಲ್ ಪೋರ್ಟು, ಅಂದರೆ ಒಂದೇ ಜೋಡಿ ತಂತಿಯ ಮೇಲೆ ಹಲವು ಉಪಕರಣಗಳು ಮಾಹಿತಿ ಕಳಿಸುವ ಕಿಂಡಿ. ತೊಡಕಿರುವುದು ಈ ‘ಸೀರಿಯಲ್’ ಪದದಲ್ಲೇ.

ಇದಕ್ಕೆ ‘ಸರಣಿ’ ಎಂದು ಬರೆಯುವ ರೂಢಿಯಿದೆ. ಆದರೆ ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ‘ಸರಣಿ ಜೋಡಣೆ’ ಎಂದರೆ ರೋಧಕಗಳನ್ನು ಒಂದರ ಬಾಲಕ್ಕೊಂದು ಕಟ್ಟುವುದು. ದಸರಾ ಹೊತ್ತಿಗೆ ಮೈಸೂರಿನ ಅಂಗಡಿಗಳಲ್ಲಿ ತೂಗುವ ‘ಸೀರಿಯಲ್ ಸೆಟ್’ ಅರ್ಥವೂ ಅದೇ. ಹಾಗಾಗಿ ‘ಮೀಟರುಗಳನ್ನು ಸರಣಿಯಲ್ಲಿ ಜೋಡಿಸಿ’ ಎಂದರೆ ಮೊದಲ ಮೀಟರಿನ ಮೈನಸ್ಸಿನಿಂದ ಎರಡನೆಯದರ ಪ್ಲಸ್ಸಿಗೆ ತಂತಿ ಹೋಗುತ್ತದೆ. ಓದಿದವರ ತಪ್ಪಲ್ಲ, ಪದ ಹೇಳಿದ್ದೇ ಅದನ್ನು. ಇಲ್ಲಿ ಸಾಲಾಗಿ ಸಾಗುವುದು ಬಿಟ್‌ಗಳು. ತಂತಿಯ ಜೋಡಣೆ ಸಮಾಂತರ. ಎಲ್ಲ ಪ್ಲಸ್ ಒಂದು ತಂತಿಗೆ, ಎಲ್ಲ ಮೈನಸ್ ಇನ್ನೊಂದಕ್ಕೆ, ಜೊತೆಗೊಂದು ಕಾಮನ್ (ಎಲ್ಲಕ್ಕೂ ಸೇರಿದ ಗ್ರೌಂಡ್ ತಂತಿ). ಈ ಎರಡು ತಂತಿಗೆ ಹಾಕುವ ಎ, ಬಿ ಗುರುತನ್ನು ಕೆಲವು ಕಂಪನಿಗಳು ಅದಲುಬದಲು ಬಳಸುವುದರಿಂದ ಹಾಳೆಯಲ್ಲಿ ಪ್ಲಸ್, ಮೈನಸ್ ಎಂದೇ ಇಡುತ್ತೇನೆ.

ಮೀಟರಿಂದ ಮೀಟರಿಗೆ ತಂತಿ ದಾಟಿಸುವುದಕ್ಕೆ ಕೆಲಸದವರು ‘ಲೂಪ್ ಎಳಿ’ ಅನ್ನುತ್ತಾರೆ. ಇಂಗ್ಲಿಷಿನ ‘ಡೈಸಿ ಚೈನ್’ ಅನ್ನು ಅನುವಾದಿಸಿದ ‘ಹೂಮಾಲೆ ಜೋಡಣೆ’ಗಿಂತ ಇದು ಎಷ್ಟೋ ವಾಸಿ, ಆದರೆ ಲೂಪ್ ಎಂದೊಡನೆ ಕೊನೆಯ ಮೀಟರಿಂದ ತಂತಿಯನ್ನು ಮತ್ತೆ ಕಂಪ್ಯೂಟರಿಗೆ ತಂದು ಸುತ್ತು ಮುಚ್ಚುವವರಿದ್ದಾರೆ. ‘ಲೂಪ್ ಎಳೆದು ಕೊನೆ ಮೀಟರಿನಲ್ಲಿ ನಿಲ್ಲಿಸಿ’ ಎಂದು ಬರೆಯುವುದೇ ಕ್ಷೇಮ.

ನನ್ನ ಮನಸ್ಸು ವಾಲಿರುವುದು ‘ನಾಲೆ–ತೂಬು’ ಜೋಡಿಯ ಕಡೆಗೆ. ಮುಖ್ಯ ಕೇಬಲ್ಲು ನಾಲೆ, ಮೀಟರು ಅದರ ಮೇಲಿನ ತೂಬು. ವಿಶ್ವೇಶ್ವರಯ್ಯ ನಾಲೆಯ ಬದಿಯವರಿಗೆ ವಿವರಣೆಯೇ ಬೇಡ: ಒಂದು ತೂಬು ಮುಚ್ಚಿದರೆ ನಾಲೆ ನಿಲ್ಲುವುದಿಲ್ಲ, ಒಂದು ಮೀಟರಿನ ಕರೆಂಟು ಹೋದರೂ ಉಳಿದ ಏಳು ಉತ್ತರ ಕೊಡುತ್ತವೆ. ಹೋಲಿಕೆ ಒಂದು ಕಡೆ ಸೋಲುತ್ತದೆ. ನಾಲೆಯಲ್ಲಿ ನೀರು ಕೆಳಮುಖ ಮಾತ್ರ. ಇಲ್ಲಿ ಪ್ರಶ್ನೆ ಹೋಗಿ ಅದೇ ತಂತಿಯಲ್ಲಿ ಉತ್ತರ ಹಿಂದಿರುಗುತ್ತದೆ.

‘ಟರ್ಮಿನೇಶನ್’ ಇನ್ನೂ ಅಪಾಯದ ಪದ. ಪ್ಯಾನೆಲ್ ಕೆಲಸದಲ್ಲಿ ಅದರರ್ಥ ತಂತಿಯ ತುದಿಗೆ ಲಗ್ ಒತ್ತಿ ಬಿಗಿಯುವುದು. ‘ಎಲ್ಲ ಮೀಟರಿಗೂ ಟರ್ಮಿನೇಶನ್ ಆಯ್ತು’ ಎಂದು ಅವರು ಹೇಳಿದರೆ ಅದು ನಿಜವೇ, ಆದರೆ ಸಿಗ್ನಲ್ ಕೇಬಲ್ಲಿನ ತುದಿಗೆ ಬಡಿದು ಹಿಂದಿರುಗದಂತೆ ಹಾಕಬೇಕಾದ 120 ಓಮ್ ರೋಧಕ ಎಲ್ಲೂ ಇರುವುದಿಲ್ಲ. ಇದಕ್ಕೆ ‘ತುದಿರೋಧಕ’ ಎಂದರೆ ಜಾಗವೂ ಪದದಲ್ಲೇ ಬರುತ್ತದೆ: ನಾಲೆಯ ಎರಡು ತುದಿಗೆ ಒಂದೊಂದು, ನಡುವೆ ಬೇಡ. ಕರೆಂಟು ತೆಗೆದು ಪ್ಲಸ್–ಮೈನಸ್ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ. 40 ಬಂದರೆ ನಡುವಿನ ಯಾವುದೋ ಮೀಟರಿನೊಳಗಿನ ತುದಿರೋಧಕದ ಸ್ವಿಚ್ಚು ಆನ್ ಆಗಿ ಉಳಿದಿದೆ.

ಮೀಟರಿನ ಅಡ್ರೆಸ್ಸಿಗೆ ‘ವಿಳಾಸ’ ಸಾಕು. ಮೀಟರು, ಕಂಪ್ಯೂಟರು ಮಾತಾಡುವ ಮಾಡ್‌ಬಸ್ ಎಂಬ ಸಂದೇಶ ಪದ್ಧತಿಯಲ್ಲಿ ಅದು 1ರಿಂದ 247. ‘ಸಂಖ್ಯೆ’ ಎಂದು ಮಾತ್ರ ಬರೆಯಬಾರದು, ಮೀಟರಿನ ಲೇಬಲ್ಲಿನ ಮೇಲೆ ಅಚ್ಚಾದ ಸೀರಿಯಲ್ ನಂಬರನ್ನು ತುಂಬಲು ಹೋಗುತ್ತಾರೆ. ಎರಡು ಮೀಟರಿಗೆ ಒಂದೇ ವಿಳಾಸ ಬಿದ್ದರೆ ಎರಡೂ ಒಟ್ಟಿಗೆ ಉತ್ತರಿಸಿ ಯಾವುದೂ ಓದಲು ಬರುವುದಿಲ್ಲ.

ಇನ್ನು ಕೇಳಬೇಕಾದದ್ದು. ಮುಖ್ಯ ಕೇಬಲ್ಲಿನಿಂದ ಮೀಟರಿನ ಸ್ಕ್ರೂವರೆಗೆ ಬರುವ ತುಂಡು ತಂತಿಗೆ ಏನೆನ್ನುವುದು? ಅದು ಉದ್ದವಾದಷ್ಟೂ ಸಿಗ್ನಲ್ ಅಲ್ಲಿ ಬಡಿದು ಹಿಂದಿರುಗಿ ಸಂದೇಶ ಕೆಡುತ್ತದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ನಡೆದುಹೋದದ್ದು 115200ರಲ್ಲಿ ಕೈಕೊಡಬಹುದು. ‘ಸೀಳುನಾಲೆ’ ಎಂದರೆ ಮೈಲಿಗಟ್ಟಲೆ ಉದ್ದವೇ ಕಣ್ಣಿಗೆ ಬರುತ್ತದೆ. ‘ಕವಲು’ ಎಂದರೆ ಕವಲೊಡೆಸಿ ಎಂದಂತಾಗುತ್ತದೆ. ಗೇಣುದ್ದ ಮೀರಬಾರದು ಎಂಬುದು ಪದದಲ್ಲೇ ಕೇಳಿಸಬೇಕು. ನಿಮ್ಮ ಕಡೆ ಅಂಥದ್ದೊಂದು ಮಾತು ಬಳಕೆಯಲ್ಲಿದೆಯೇ?