2013ರ ಆಲ್ಟೊ 800 ತಗೊಳ್ಳಬಹುದಾ?

ಗದಗಿನವ: ಪರಿಚಯದವರ ಹತ್ತಿರ ಪೆಟ್ರೋಲ್ ಆಲ್ಟೊ 800 ಇದೆ, 72 ಸಾವಿರ ಕಿ.ಮೀ. ಓಡಿದೆ ಅಂತಾರೆ. 1.5 ಲಕ್ಷ ಕೇಳ್ತಿದ್ದಾರೆ. ವಾರಕ್ಕೊಮ್ಮೆ ಹುಬ್ಬಳ್ಳಿ, ಉಳಿದದ್ದು ಊರೊಳಗೆ. ಏನೇನು ನೋಡಬೇಕು?

ಹಳೇ ಗಾಡಿ: ಮೀಟರ್ ಒಂದನ್ನೇ ನಂಬಬೇಡಿ. ಸರ್ವಿಸ್ ಬಿಲ್ ಕೇಳಿ, ಕ್ಲಚ್ ಪೆಡಲ್ ರಬ್ಬರ್ ಎಷ್ಟು ಸವೆದಿದೆ ನೋಡಿ. ಈ 796 ಸಿಸಿ ಎಂಜಿನ್‌ಗೆ ಇರೋದು ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗಿನ ಭಾಗಗಳನ್ನು ಹೊಂದಿಸಿ ತಿರುಗಿಸೋ ಪಟ್ಟಿ, ಸವೆಯುತ್ತೆ), ಆಲ್ಟೊ ಕೆ10 ಮಾಡೆಲ್ ತರ ಚೈನ್ ಅಲ್ಲ, ಹಾಗಾಗಿ ಬೆಲ್ಟ್ ಬದಲಾಯಿಸಿದ ಬಿಲ್ ತೋರಿಸದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಧಾರವಾಡ ಪೇಢಾ: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ ಅಂತ ಅರ್ಥ, ಸುಮ್ನೆ ವಾಪಸ್ ಬನ್ನಿ. ಕೆಳಗೆ ಬಗ್ಗಿ ತುಕ್ಕೂ ನೋಡಿ, ನಮ್ಮ ಕಡೆ ಎರೆಮಣ್ಣು ಅಂಟಿದರೆ ಬಿಡೋದಿಲ್ಲ ಅಲ್ವಾ.

ಹಾವೇರಿ ರೋಡ್: ಆರ್‌ಸಿ 15 ವರ್ಷಕ್ಕೆ, ಅಂದರೆ 2028ಕ್ಕೆ ಮುಗಿಯುತ್ತೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ ಮೊದಲು ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಬ್ಯಾಂಕ್ ಪತ್ರ), ಆಮೇಲೆ ದುಡ್ಡು. ಗಾಡಿ ನಿಮ್ಮ ಹೆಸರಿಗೆ ಮಾಡಿಸೋ ಫಾರ್ಮ್ 29, 30ಕ್ಕೆ ಮಾರುವವರ ಸಹಿ ಅವತ್ತೇ ಹಾಕಿಸಿಕೊಳ್ಳಿ, ಪರಿಚಯದವರಾದ್ರೂ ಸರಿ.

ಗದಗಿನವ: ನಾಳೆ ಮೆಕ್ಯಾನಿಕ್ ಕರ್ಕೊಂಡು ಹೋಗ್ತೀನಿ. 1.3ಕ್ಕೆ ಕೇಳ್ಲಾ?

ಹಳೇ ಗಾಡಿ: 1.1ರಿಂದ ಶುರು ಮಾಡ್ರಿ.